ಟೀ ಆರುವ ಮೊದಲೇ ಮುಗಿದ ಸ್ಕ್ಯಾನ್

ಕೊರೋನಾ ಕಾಟ ಕಳೆದು, ಮದುವೆ ಛತ್ರಗಳೆಲ್ಲ ಮತ್ತೆ ಭರ್ತಿಯಾಗತೊಡಗಿದ ವರ್ಷ ಅದು. ನಾನು ತುಮಕೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಒಂದು ಕಂಪನಿಯ ಸರ್ವಿಸ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಸದಾಶಿವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರು ಮಾಡಿದ್ದೆ. ವರ್ಷಕ್ಕಿಷ್ಟು ಎಂದು ಒಪ್ಪಂದ ಮಾಡಿಕೊಂಡು ಅಂಗಡಿಗಳ, ನರ್ಸಿಂಗ್ ಹೋಮ್‌ಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕಡೆ ಇದಕ್ಕೆ ಎಎಂಸಿ ಎನ್ನುತ್ತಾರೆ.

ಈ ಕೆಲಸಕ್ಕೆ ಬೇಕಾದ ಒಂದು ಗುಣ ನನಗೆ ಹುಟ್ಟಿನಿಂದಲೇ ಬಂದಿದೆ. ಅದು ಅನುಮಾನ. ನಮ್ಮ ಅತ್ತೆಯವರು ನೆಂಟರ ಮುಂದೆ, "ದೇವರೇ ಪ್ರತ್ಯಕ್ಷ ಆದ್ರೂ ಇವಳು ಆಧಾರ್ ಕಾರ್ಡ್ ತೋರ್ಸಿ ಅಂತಾಳೆ" ಎಂದು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ. ಸರಿ ಹೋಗಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ, ಕೆಟ್ಟಿದೆ ಎಂದರೂ ನಂಬುವುದಿಲ್ಲ. ಸ್ಕ್ರೂ ಬಿಚ್ಚಿ ನೋಡಿದ ಮೇಲೆಯೇ ಮಾತು.

ನನ್ನ ಗಿರಾಕಿಗಳಲ್ಲಿ ಅನ್ವರ್ ಪಾಷಾ ಅವರ ಆಲ್ಬಂ ಲ್ಯಾಬ್ ಒಂದು. ಗುಬ್ಬಿ, ಕುಣಿಗಲ್ ಕಡೆಯ ಮದುವೆ ಫೋಟೋಗ್ರಾಫರ್‌ಗಳು ತೆಗೆದ ಫೋಟೋಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ತಂದು ಕೊಡುತ್ತಾರೆ. ಲ್ಯಾಬ್‌ನವರು ಅವುಗಳಲ್ಲಿ ಆರಿಸಿ, ಪುಟ ವಿನ್ಯಾಸ ಮಾಡಿ, ಪ್ರಿಂಟ್ ಹಾಕಿ, ಗಟ್ಟಿ ರಟ್ಟಿನ ಆಲ್ಬಂ ಕಟ್ಟಿ ಕೊಡುತ್ತಾರೆ. ಪಾಷಾ ಅವರ ತಂದೆ ಕಪ್ಪು ಬಿಳುಪಿನ ಕಾಲದಲ್ಲಿ ಸ್ಟುಡಿಯೋ ಇಟ್ಟವರು. ಮಗನಿಗೂ ಪೇಟೆಯಲ್ಲಿ ಅದೇ ಒಳ್ಳೆಯ ಹೆಸರು, ಅದೇ ಮಾತಿನ ನಿಯತ್ತು, ಜೊತೆಗೆ ಮೂಗಿನ ತುದಿಯಲ್ಲೇ ಕೋಪ.

ಲ್ಯಾಬ್‌ನ ಕೌಂಟರ್‌ನಲ್ಲಿ ಫರ್ಹಾನಾ ಎಂಬ ಡಿಸೈನರ್ ಕೂರುತ್ತಿದ್ದಳು. ಬಂದವರ ಡಿಸ್ಕ್‌ಗಳನ್ನೆಲ್ಲ ಅವಳ ಕಂಪ್ಯೂಟರ್‌ಗೇ ಸಿಕ್ಕಿಸಿ ಫೋಟೋ ಕಾಪಿ ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಫೋಟೋಗ್ರಾಫರ್‌ಗಳು ಡಿಸ್ಕ್ ಕೊಟ್ಟು, ಪೇಟೆ ಕೆಲಸ ಮುಗಿಸಿಕೊಂಡು ಬಂದು, ಡಿಸ್ಕ್ ತೆಗೆದುಕೊಂಡು ಬಸ್ಸು ಹತ್ತುವರು. ಊರಿನವರೆಲ್ಲ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡ ಹಾಗೆ ಇದು. ಒಬ್ಬರ ತಲೆಯ ಹೇನು ಎಲ್ಲರಿಗೂ ಪ್ರಸಾದ. ಹಾಗಾಗಿ ಆ ಒಂದು ಕಂಪ್ಯೂಟರ್‌ನಲ್ಲಿ ಆಂಟಿವೈರಸ್ ಗಟ್ಟಿಯಾಗಿರಬೇಕು ಎಂದು ನಾನು ಹೇಳುತ್ತಲೇ ಇದ್ದೆ.

ಇದ್ದ ಆಂಟಿವೈರಸ್ ಕೆಟ್ಟದ್ದೇನಲ್ಲ, ಆದರೆ ಬಲು ನಿಧಾನ. ಸ್ಕ್ಯಾನ್ ಎಂದರೆ ಕಂಪ್ಯೂಟರಿನ ಒಂದೊಂದೇ ಫೈಲನ್ನು ತೆರೆದು, ಅದರೊಳಗೆ ಗೊತ್ತಿರುವ ಕೇಡಿನ ಗುರುತು ಇದೆಯೇ ಎಂದು ನೋಡುವ ಕೆಲಸ. ಒಂದು ಮದುವೆಯ ಡಿಸ್ಕ್‌ನಲ್ಲಿ ಸಾವಿರಾರು ಫೈಲ್ ಇರುತ್ತವೆ. ಡಿಸ್ಕ್ ಸಿಕ್ಕಿಸಿದೊಡನೆ ಅದು ತನ್ನ ಪಾಡಿಗೆ ನೋಡಲು ಶುರು ಮಾಡಿದರೆ ಇತ್ತ ಫೋಟೋಗ್ರಾಫರ್‌ಗಳು ಗಡಿಯಾರ ನೋಡಲು ಶುರು ಮಾಡುವರು. ಫರ್ಹಾನಾ ಎಷ್ಟೋ ಸಲ ಅರ್ಧಕ್ಕೇ ಕ್ಯಾನ್ಸಲ್ ಒತ್ತಿದ್ದನ್ನು ನಾನೇ ಕಂಡಿದ್ದೆ. ಅವಳನ್ನು ಬೈದು ಪ್ರಯೋಜನವಿಲ್ಲ. ನಿಧಾನದ ಸ್ಕ್ಯಾನ್‌ನ ದೊಡ್ಡ ದೋಷ ನಿಧಾನವಲ್ಲ, ಜನ ಅದನ್ನು ನಿಲ್ಲಿಸಿಬಿಡುತ್ತಾರೆ ಎಂಬುದು.

ಕೊನೆಗೆ ಪಾಷಾ ಅವರು ಹೊಸದನ್ನು ಹಾಕಿಸಲು ಹೊರಟರು. ಬಂದ ಡೀಲರ್ ಮಾತಿನಮಲ್ಲ. ಅಕ್ಕಪಕ್ಕದ ಎರಡು ಕಂಪ್ಯೂಟರ್ ಆರಿಸಿಕೊಂಡ. ಒಂದು ಡಿಸೈನ್ ಟೇಬಲ್ಲಿನದು, ಅದರಲ್ಲಿ ಹಳೆಯ ಆಂಟಿವೈರಸ್ ಹಾಗೇ ಇತ್ತು. ಇನ್ನೊಂದು ಕೌಂಟರಿನದು, ಅದಕ್ಕೆ ತನ್ನದನ್ನು ಬೆಳಗ್ಗೆಯೇ ಬಂದು ಹಾಕಿದ್ದ. ಎಲ್ಲರನ್ನೂ ಕರೆದು ನಿಲ್ಲಿಸಿ, ಎರಡಕ್ಕೂ ಒಟ್ಟಿಗೆ ಸ್ಕ್ಯಾನ್ ಒತ್ತಿದ. ಅಷ್ಟರಲ್ಲಿ ಟೀ ಬಂತು. ಕೈಯಲ್ಲಿದ್ದ ಟೀ ಆರುವ ಮೊದಲೇ ಇವನ ಕಂಪ್ಯೂಟರ್‌ನಲ್ಲಿ ಹಸಿರು ಗುರುತು ಮೂಡಿ, ಯಾವ ಅಪಾಯವೂ ಇಲ್ಲ ಎಂದು ತೋರಿಸಿತು. ಹಳೆಯದು ಇನ್ನೂ ಹೊಸ್ತಿಲು ದಾಟಿರಲಿಲ್ಲ. ಲ್ಯಾಬ್‌ನವರು ಚಪ್ಪಾಳೆ ತಟ್ಟಿದರು.

"ಎಷ್ಟು ಫೈಲ್ ನೋಡ್ತು?" ಎಂದು ಕೇಳಿದೆ.

ಅವನು ಆ ಕಿಟಕಿಯನ್ನು ಮುಚ್ಚುತ್ತಲೇ ಹೇಳಿದ. "ಟೆಕ್ನಾಲಜಿ ಮೇಡಂ. ಎಲ್ಲಾ ಕ್ಲೌಡ್‌ನಲ್ಲೇ ಆಗೋಗುತ್ತೆ."

ಸ್ಕ್ಯಾನ್ ಬೇಗ ಮುಗಿಯುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಒಮ್ಮೆ ನೋಡಿದ ಫೈಲ್ ಬದಲಾಗದಿದ್ದರೆ ಒಳ್ಳೆಯ ಆಂಟಿವೈರಸ್ ಎರಡನೆಯ ಸಲ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಡಿಸ್ಕ್ ಹೊಸ ಬಗೆಯದಾದರೆ ಓದುವುದೇ ಬೇಗ. ಆದರೆ ಆ ಕೌಂಟರ್ ಕಂಪ್ಯೂಟರ್ ಹಳೆಯದು, ಹೊಟ್ಟೆ ತುಂಬ ಫೋಟೋ. ಅಷ್ಟನ್ನೆಲ್ಲ ಟೀ ಕುಡಿಯುವಷ್ಟರಲ್ಲಿ ನೋಡಿ ಮುಗಿಸಿದೆ ಎಂದರೆ ನನ್ನ ಬುದ್ಧಿ ಒಪ್ಪಲಿಲ್ಲ. ಮನೆ ಗುಡಿಸಲು ಒಳಗೆ ಹೋದವಳು ಮರುಕ್ಷಣವೇ ಪೊರಕೆ ಹಿಡಿದು ಹೊರಬಂದರೆ ನಾವು ಮಂಚದ ಕೆಳಗೆ ಬಗ್ಗಿ ನೋಡುವುದಿಲ್ಲವೇ?

ಪಾಷಾ ಅವರಿಗೆ ಇದನ್ನೇ ಹೇಳಿದೆ. ಅವರು ನಕ್ಕರು. "ನಿಧಾನ ಇದ್ರೂ ಬೈತೀರಿ, ಬೇಗ ಮುಗಿದ್ರೂ ಬೈತೀರಿ. ನಿಮ್ಗೆ ಹೆಂಗಿದ್ರೆ ಆಗುತ್ತೆ ಮೇಡಂ?" ಎಂದರು. ನನ್ನ ಒಪ್ಪಂದ ಹಾರ್ಡ್‌ವೇರ್‌ಗೆ ಮಾತ್ರ. ಡೀಲರ್ ಎಲ್ಲ ಕಂಪ್ಯೂಟರ್‌ಗಳಿಗೂ ತನ್ನ ಮಾಲು ಹಾಕಿ, ಸೆಟ್ಟಿಂಗ್ಸ್‌ಗೆ ಪಾಸ್‌ವರ್ಡ್ ಇಟ್ಟು, ಪಾಷಾ ಅವರ ಕಿವಿಯಲ್ಲಿ ಅದನ್ನು ಹೇಳಿ ಹೋದ. ನಾನು ಬಾಯಿ ಮುಚ್ಚಿಕೊಂಡು ಬಂದೆ, ಅನುಮಾನವನ್ನಲ್ಲ.

ಕೆಲವು ವಾರ ಲ್ಯಾಬ್‌ನಲ್ಲಿ ಕೆಲಸ ನೀರು ಕುಡಿದ ಹಾಗೆ ಸಾಗಿತು. ಆಮೇಲೆ ಒಂದು ದಿನ ಕುಣಿಗಲ್‌ನ ವೆಂಕಟೇಶ್ ಅವರಿಂದ ಪಾಷಾ ಅವರಿಗೆ ಫೋನು ಬಂತು. ವೆಂಕಟೇಶ್ ಎಂದರೆ ಆ ಕಡೆ ದೊಡ್ಡ ಸ್ಟುಡಿಯೋ, ಫೋಟೋಗ್ರಾಫರ್‌ಗಳ ವಾಟ್ಸ್ಆ್ಯಪ್ ಗುಂಪಿನ ಯಜಮಾನಿಕೆಯೂ ಅವರದೇ. ಲ್ಯಾಬ್‌ನಿಂದ ತಂದ ಡಿಸ್ಕನ್ನು ತಮ್ಮ ಸ್ಟುಡಿಯೋದಲ್ಲಿ ತೆರೆದರೆ ಮದುವೆಯ ಫೋಲ್ಡರ್‌ಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು. ನಿಮ್ಮ ಲ್ಯಾಬ್‌ನಿಂದಲೇ ಅಂಟಿದ್ದು ಎಂದು ಅವರು ಕೂಗಾಡಿದರು. ಪಾಷಾ ಅವರು ಅಲ್ಲೇ ಸ್ಕ್ಯಾನ್ ಒತ್ತಿದರು. ಟೀ ಬೇಕಾಗಲೇ ಇಲ್ಲ, ಹಸಿರು ಗುರುತು ಬಂತು. "ನಮ್ದು ಕ್ಲೀನ್ ಇದೆ" ಎಂದು ಫೋಟೋ ಕಳಿಸಿದರು.

ಮರುದಿನ ಗುಬ್ಬಿಯ ಮಂಜುನಾಥ ಲ್ಯಾಬ್‌ಗೆ ಬಂದ. ಮಂಜುನಾಥನದು ಸಣ್ಣ ಸ್ಟುಡಿಯೋ. ಮುಂದೆ ಒಂದು ಕಂಪ್ಯೂಟರ್ ಇಟ್ಟುಕೊಂಡು ಜನರಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವುದೂ ಉಂಟು. ಅವತ್ತು ಕೌಂಟರ್‌ನಲ್ಲಿ ಜನ ಹೆಚ್ಚಿದ್ದರು. ಫರ್ಹಾನಾ ಅವನ ಡಿಸ್ಕ್ ಸಿಕ್ಕಿಸಿಟ್ಟು ಬೇರೆಯವರ ಜೊತೆ ಮಾತಿಗಿಳಿದಳು. ಅವಳು ತಿರುಗಿ ಅದನ್ನು ತೆರೆದಾಗ ಎಲ್ಲರ ಕಣ್ಣೆದುರೇ ಕಂಡದ್ದು ಬರೀ ಶಾರ್ಟ್‌ಕಟ್‌ಗಳು. ಪಾಷಾ ಅವರಿಗೆ ಉರಿ ಹತ್ತಿತು. ಪರದೆಯ ಫೋಟೋ ತೆಗೆದು ಗುಂಪಿಗೆ ಹಾಕಿದರು: ಗುಬ್ಬಿ ಮಂಜುನಾಥ್ ಡಿಸ್ಕ್‌ನಲ್ಲಿ ವೈರಸ್ ಸಿಕ್ಕಿದೆ, ಇವರ ಡಿಸ್ಕ್ ಯಾರೂ ಹಾಕಿಕೊಳ್ಳಬೇಡಿ.

ಸಂಜೆಯೊಳಗೆ ಪಾಷಾ ಅವರು ನನ್ನನ್ನು ಕರೆಸಿದರು. ವೆಂಕಟೇಶ್ ಅವರಿಗೆ ಎಂಜಿನಿಯರ್ ಕಡೆಯಿಂದ ಒಂದು ಲೆಟರ್ ಬೇಕಂತೆ, ವೈರಸ್ ಬಂದದ್ದು ಮಂಜುನಾಥನಿಂದ ಎಂದು. ಅದನ್ನು ತೋರಿಸಿ ಅವನನ್ನು ಗುಂಪಿನಿಂದ ತೆಗೆಯುವುದು ಅವರ ಯೋಚನೆ.

"ನೋಡದೆ ಕೊಡಲ್ಲ" ಎಂದೆ.

"ನಾವೆಲ್ಲ ಕಣ್ಣಾರೆ ಕಂಡಿದೀವಿ ಮೇಡಂ."

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಸಾಹೇಬ್ರೆ. ಎರಡು ದಿನ ಕೊಡಿ."

ಮಂಜುನಾಥನ ಮೇಲೆ ನನಗೂ ಅನುಮಾನವಿತ್ತು, ಇಲ್ಲವೆನ್ನುವುದಿಲ್ಲ. ಅರ್ಜಿ ಹಾಕಲು ಬರುವ ಕಂಡಕಂಡವರ ಪೆನ್‌ಡ್ರೈವ್ ಸಿಕ್ಕಿಸುವ ಕಂಪ್ಯೂಟರ್ ಅವನದು. ರೋಗ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ? ಆದರೆ ಕುಣಿಗಲ್‌ನಿಂದ ಶುರು ಮಾಡೋಣ ಎಂದುಕೊಂಡೆ.

ಬೆಳಗ್ಗೆ ಅಲ್ಲಿಗೆ ಹೋಗಿ ನೋಡಿದರೆ ವೆಂಕಟೇಶ್ ಅವರ ಫೋಟೋಗಳು ಎಲ್ಲಿಗೂ ಹೋಗಿರಲಿಲ್ಲ. ಈ ಶಾರ್ಟ್‌ಕಟ್ ವೈರಸ್‌ನ ಆಟವೇ ಅದು. ಅಸಲಿ ಫೋಲ್ಡರ್‌ಗಳನ್ನು ಕಣ್ಣಿಗೆ ಕಾಣದಂತೆ ಅಡಗಿಸಿ, ಅದೇ ಹೆಸರಿನ ನಕಲಿಗಳನ್ನು ಮುಂದೆ ನಿಲ್ಲಿಸುತ್ತದೆ. ನಾವು ನಕಲಿಯನ್ನು ಒತ್ತಿದೊಡನೆ ಆ ಕಂಪ್ಯೂಟರ್‌ಗೂ ಇಳಿದುಕೊಳ್ಳುತ್ತದೆ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಿದವರು ಕೆಟ್ಟರು. ಪುಣ್ಯಕ್ಕೆ ವೆಂಕಟೇಶ್ ಹಾಗೆ ಮಾಡಿರಲಿಲ್ಲ. ಅಡಗಿದ್ದನ್ನು ಒಂದೇ ಆಜ್ಞೆಯಿಂದ ಹೊರಗೆ ತಂದು ಕೊಟ್ಟೆ. ವಧುವರರು ಮತ್ತೆ ಕಾಣಿಸಿಕೊಂಡಾಗ ಅವರು ಉಸಿರು ಬಿಟ್ಟರು, ಆದರೆ ಮಾತು ಬಿಡಲಿಲ್ಲ.

"ಫೋಟೋ ಬಂದ್ವು ಸರಿ ಮೇಡಂ. ಆದ್ರೆ ಅವನ್ನ ಬಿಡಬಾರ್ದು."

"ನಿಮ್ಮ ಡಿಸ್ಕು ಅವನ ಕಂಪ್ಯೂಟರ್‌ಗೆ ಯಾವತ್ತಾದ್ರೂ ಹಾಕಿದ್ರಾ?"

"ಅವನ ಹತ್ರ ನಾನ್ಯಾಕೆ ಹೋಗ್ಲಿ? ಲ್ಯಾಬ್‌ನಲ್ಲಿ ನೋಡಿದ್ದು ಅಷ್ಟೆ."

ಕುಣಿಗಲ್ ಕೆರೆ ಏರಿಯ ಕಡೆಯಿಂದ ಬಸ್ಸು ತಿರುಗುವಾಗ ಈ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಇಬ್ಬರ ಡಿಸ್ಕ್‌ಗಳೂ ಸೇರಿದ್ದು ಒಂದೇ ಕಡೆ, ಲ್ಯಾಬ್‌ನ ಕೌಂಟರ್ ಕಂಪ್ಯೂಟರ್‌ನಲ್ಲಿ. ಮಂಜುನಾಥನದು ವೆಂಕಟೇಶ್ ಅವರಿಗೆ ಅಂಟಿದೆ ಎಂದರೆ ಅದು ಆ ಕಂಪ್ಯೂಟರಿನ ಮೂಲಕವೇ ದಾಟಬೇಕು. ಹಾಗಿದ್ದರೆ ಅಲ್ಲಿ ವೈರಸ್ ಇರಲೇಬೇಕು. ಆದರೆ ಅಲ್ಲಿನ ಹೊಸ ಆಂಟಿವೈರಸ್ ಏನೂ ಇಲ್ಲ ಎನ್ನುತ್ತಿದೆ. ಎರಡರಲ್ಲಿ ಒಂದು ಸುಳ್ಳು, ಒಂದೋ ಪಾಷಾ ಅವರ ಕಥೆ, ಇಲ್ಲ ಆ ಹಸಿರು ಗುರುತು.

ಮರುದಿನ ಗುಬ್ಬಿಗೆ ಹೋದೆ. ಮಂಜುನಾಥನ ಅಂಗಡಿಯ ಷಟರ್ ಅರ್ಧ ಎಳೆದಿತ್ತು. ಒಳಗೆ ಅವನೊಬ್ಬನೇ ಕ್ಯಾಮೆರಾ ಲೆನ್ಸ್ ಒರೆಸುತ್ತ ಕೂತಿದ್ದ. ನನ್ನ ಬ್ಯಾಗು ನೋಡಿಯೇ ಎದ್ದು ನಿಂತ.

"ನೀವೂ ನನ್ನ ಹಿಡಿಯಾಕೆ ಬಂದ್ರಾ ಮೇಡಂ?"

"ಹಿಡಿಯೋಕಲ್ಲಪ್ಪ, ನೋಡೋಕೆ."

"ನೋಡಿ. ಎಲ್ಲಾ ನೋಡಿ. ಇವತ್ತು ಬೆಳಿಗ್ಗೆ ಇನ್ನೊಂದು ಲ್ಯಾಬ್‌ಗೆ ಹೋಗಿದ್ದೆ. ಡಿಸ್ಕ್ ಕೈಗೇ ಮುಟ್ಲಿಲ್ಲ ಅವ್ರು. ಮುಂದಿನ ತಿಂಗ್ಳು ಒಂದು ಮದ್ವೆ ಒಪ್ಕೊಂಡಿದ್ದೆ. ಅವ್ರ ಕಡೆಯಿಂದ ಫೋನ್ ಬಂತು, ನಿನ್ ಹತ್ರ ಫೋಟೋ ಹಾಳಾಗ್ತವಂತೆ, ಬ್ಯಾಡ ಬುಡಪ್ಪ ಅಂದ್ರು. ಹೆಸ್ರು ಮಾಡಾಕೆ ವರ್ಷಗಟ್ಲೆ ಮಂದಿ ಮುಂದೆ ಬಗ್ಗಿ ಎದ್ದು ಫೋಟೋ ತೆಗ್ದಿದೀನಿ ಮೇಡಂ. ಹೋಗಾಕೆ ಒಂದು ಮೆಸೇಜ್ ಸಾಕಾಯ್ತು."

ಅವನ ಧ್ವನಿಯಲ್ಲಿ ಕೋಪಕ್ಕಿಂತ ಭಯ ಹೆಚ್ಚಿತ್ತು. ಹೆಂಡತಿ, ಒಂದು ಮಗು. ಮದುವೆ ಸೀಸನ್‌ನಲ್ಲಿ ದುಡಿದರೆ ವರ್ಷವಿಡೀ ಊಟ. ಲ್ಯಾಬ್‌ಗಳು ಬಾಗಿಲು ಹಾಕಿದರೆ ಅವನು ತೆಗೆದ ಫೋಟೋ ಆಲ್ಬಂ ಆಗುವುದೇ ಇಲ್ಲ. ಆಲ್ಬಂ ಕೊಡದ ಫೋಟೋಗ್ರಾಫರನನ್ನು ಯಾರು ಕರೆಯುತ್ತಾರೆ? ಆದರೂ ಅನುಮಾನ ಬಿಡಲಿಲ್ಲ, ಕಂಪ್ಯೂಟರ್ ಮುಂದೆ ಕೂತೆ.

ಅದರಲ್ಲಿದ್ದದ್ದು ಪಾಷಾ ಅವರು ಕಿತ್ತು ಹಾಕಿದ ಅದೇ ಹಳೆಯ ಜಾತಿಯ ಆಂಟಿವೈರಸ್. ಎಷ್ಟು ನಿಧಾನ ಎಂದು ಕೇಳಿದೆ.

"ಅದ್ರ ಪಾಡಿಗೆ ಅದು ಮಾಡ್ತದೆ ಮೇಡಂ. ನಾನು ಮದ್ವೆಗೆ ಹೊರಡೋವಾಗ ಆನ್ ಮಾಡಿ ಹೋಗ್ತೀನಿ. ಬರೋ ಹೊತ್ಗೆ ಮುಗ್ದಿರ್ತದೆ."

ನಾನು ತಂದಿದ್ದ ಬೇರೆ ಸ್ಕ್ಯಾನ್ ತಂತ್ರಾಂಶದಿಂದ ಇಡೀ ಕಂಪ್ಯೂಟರನ್ನು ನೋಡಿದೆ. ಮಧ್ಯಾಹ್ನ ಕಳೆಯಿತು. ಅವನ ಹೆಂಡತಿ ಮನೆಯಿಂದ ಚಿತ್ರಾನ್ನ ಕಳಿಸಿದಳು. ಕಂಪ್ಯೂಟರ್ ಶುದ್ಧವಾಗಿತ್ತು. ಕಂಡಕಂಡವರ ಪೆನ್‌ಡ್ರೈವ್ ತಿಂದೂ ಅದಕ್ಕೆ ಅಜೀರ್ಣವಾಗಿರಲಿಲ್ಲ.

"ಇದು ಯಾವತ್ತಾದ್ರೂ ಕೂಗಿದ್ದುಂಟಾ?"

"ಲ್ಯಾಬಿಂದ ಬಂದು ಡಿಸ್ಕ್ ಹಾಕ್ದಾಗೆಲ್ಲ ಬಡ್ಕೊಳ್ತದೆ. ಅದೇ ಕ್ಲೀನೂ ಮಾಡ್ತದೆ. ಕೆಲ್ಸ ಮಾಡ್ತೈತಲ್ಲ, ಒಳ್ಳೇದು ಬುಡು ಅಂದ್ಕೊಂಡೆ."

"ಲ್ಯಾಬ್‌ಗೆ ಹೋಗೋ ಮುಂಚೆ?"

ಅವನು ಸ್ವಲ್ಪ ಯೋಚಿಸಿದ. "ಹೋಗೋ ಮುಂಚೆ ಕೂಗಿದ್ದು ನೆಪ್ಪಿಲ್ಲ."

ಆರೋಪಿಯ ಮಾತು ಆರೋಪಿಯ ಕಡೆಗೇ ವಾಲುವುದು ಸಹಜ. ಅವನ ಮಾತನ್ನು ನಾನು ಜೇಬಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. "ನಾಳೆ ಬೆಳಿಗ್ಗೆ ಲ್ಯಾಬ್‌ಗೆ ಬಾ" ಎಂದೆ. "ಒಳಗೆ ಬಿಡ್ತಾರಾ ಮೇಡಂ?" ಎಂದ. "ನನ್ ಜೊತೆ ಬಾ" ಎಂದೆ.

ಬೆಳಗ್ಗೆ ಪಾಷಾ ಅವರು ಮಂಜುನಾಥನನ್ನು ಕಂಡು ಮುಖ ತಿರುಗಿಸಿದರು. ನನ್ನ ಕೋರಿಕೆಯ ಮೇಲೆ ಕುಣಿಗಲ್‌ನಿಂದ ವೆಂಕಟೇಶ್ ಕೂಡ ಬಂದಿದ್ದರು. ನಾನು ಪಾಷಾ ಅವರಿಗೆ ಒಂದೇ ಕೆಲಸ ಹೇಳಿದೆ. "ಎದುರು ಅಂಗಡಿಗೆ ನೀವೇ ಹೋಗಿ ಒಂದು ಹೊಸ ಪೆನ್‌ಡ್ರೈವ್ ತನ್ನಿ. ನಾನು ತಂದ್ರೆ ನನ್ ಮೇಲೂ ಅನುಮಾನ ಬರುತ್ತೆ."

ತಂದರು. ಪ್ಯಾಕೆಟ್ಟನ್ನು ಅವರೇ ಹರಿದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಇದೆ. ಈ ವೈರಸ್‌ಗೆ ಅದು ಭಾಷೆ ಗೊತ್ತಿಲ್ಲದ ಊರು, ಅಲ್ಲಿ ಅದರ ಆಟ ನಡೆಯುವುದಿಲ್ಲ, ಅದು ಅಡಗಿಸಿದ್ದೂ ಕಣ್ಣಿಗೆ ಕಾಣುತ್ತದೆ. ಆ ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಎರಡು ಫೋಲ್ಡರ್ ಫೋಟೋ ಹಾಕಿ ಎಲ್ಲರಿಗೂ ತೋರಿಸಿದೆ. ಆಮೇಲೆ ಅದನ್ನು ಕೌಂಟರ್ ಕಂಪ್ಯೂಟರ್‌ಗೆ ಸಿಕ್ಕಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಕೈ ಕಟ್ಟಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಕಿತ್ತು ಮತ್ತೆ ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ. ಎರಡು ಫೋಲ್ಡರ್‌ಗಳ ಪಕ್ಕದಲ್ಲಿ ಅದೇ ಹೆಸರಿನ ಎರಡು ಶಾರ್ಟ್‌ಕಟ್‌ಗಳು, ಜೊತೆಗೆ ನಾನು ಹಾಕದ ಇನ್ನೊಂದು ಫೈಲು. ಅದೇ ವೈರಸ್.

"ಇದ್ರಲ್ಲಿ ಮಂಜು ಕೈ ಎಲ್ಲಿದೆ ಹೇಳಿ" ಎಂದೆ.

ಆಗ ಅವತ್ತು ಆದದ್ದು ಎಲ್ಲರಿಗೂ ಹೊಳೆಯಿತು. ಸಾಮಾನ್ಯವಾಗಿ ಫರ್ಹಾನಾ ಡಿಸ್ಕ್ ಸಿಕ್ಕಿಸಿದೊಡನೆ ಕಾಪಿ ಶುರು ಮಾಡುತ್ತಿದ್ದಳು. ವೈರಸ್ ತನ್ನ ಕೆಲಸವನ್ನು ಹಿಂದಿನಿಂದ ಮುಗಿಸುತ್ತಿತ್ತು, ಹಾಳಾದದ್ದು ಮನೆಗೆ ಹೋದ ಮೇಲೆ ತಿಳಿಯುತ್ತಿತ್ತು. ಮಂಜುನಾಥನ ಡಿಸ್ಕ್ ಮಾತ್ರ ಜನಜಂಗುಳಿಯಲ್ಲಿ ತೆರೆಯದೆ ಹಾಗೇ ಉಳಿಯಿತು. ಕೆಟ್ಟದ್ದು ಲ್ಯಾಬ್‌ನಲ್ಲೇ, ಅದೂ ಎಲ್ಲರ ಮುಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು.

ಪಾಷಾ ಅವರು ಸ್ಕ್ಯಾನ್ ಒತ್ತಿದರು. ಮತ್ತೆ ಅದೇ ಹಸಿರು. "ಇದು ಇಲ್ಲ ಅಂತಿದೆಯಲ್ಲ ಮೇಡಂ" ಎಂದರು, ಆದರೆ ಧ್ವನಿ ಇಳಿದಿತ್ತು.

ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲೆಂದೇ ಒಂದು ನಿರಪಾಯದ ಪರೀಕ್ಷಾ ಫೈಲ್ ಇದೆ. ಅದರಲ್ಲಿ ಕೇಡಿಲ್ಲ, ಆದರೆ ಅದನ್ನು ಕಂಡರೆ ಯಾವ ಆಂಟಿವೈರಸ್ ಆದರೂ ಕೂಗಬೇಕೆಂಬುದು ಆ ವೃತ್ತಿಯ ಒಪ್ಪಂದ. ನಾನು ಅದನ್ನು ಸಿ ಡ್ರೈವ್‌ಗೆ, ಎಂದರೆ ಕಂಪ್ಯೂಟರಿನ ವ್ಯವಸ್ಥೆ ಇರುವ ಭಾಗಕ್ಕೆ, ಹಾಕಿದೆ. ಕ್ಷಣದಲ್ಲಿ ಕೆಂಪು ಎಚ್ಚರಿಕೆ ಬಂತು. ಅದೇ ಫೈಲನ್ನು ಫೋಟೋಗಳೆಲ್ಲ ತುಂಬಿರುವ ಡಿ ಡ್ರೈವ್‌ಗೆ ಹಾಕಿದೆ. ಸದ್ದಿಲ್ಲ. ಪೆನ್‌ಡ್ರೈವ್‌ಗೆ ಹಾಕಿದೆ. ಸದ್ದಿಲ್ಲ. ಸ್ಕ್ಯಾನ್ ಮಾಡಿಸಿದೆ. ಹಸಿರು.

ಇದು ಆಂಟಿವೈರಸ್‌ನ ದೋಷವಲ್ಲ. ಯಾರೋ ಅದಕ್ಕೆ ಅಲ್ಲೆಲ್ಲ ನೋಡಬೇಡ ಎಂದು ಹೇಳಿಟ್ಟಿದ್ದರು. ಮನೆಯ ಮುಕ್ಕಾಲು ಪಾಲು ನೋಡಬೇಡ ಎಂದರೆ ಯಾರು ತಾನೆ ಬೇಗ ಮುಗಿಸುವುದಿಲ್ಲ? ನಾನು ಪಾಷಾ ಅವರ ಮುಖ ನೋಡಿದೆ. ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

ಅವರು ಕುರ್ಚಿಯಲ್ಲಿ ಕೂತರು. "ಬಿಡು ಅಂದಿದ್ದು ನಾನೇ ಮೇಡಂ. ಹಳೇದು ನಮ್ಮ ಆಲ್ಬಂ ಪ್ಲಗಿನ್ ಕಂಡ್ರೆ ಸಾಕು, ಅಳಿಸಿ ಹಾಕ್ತಿತ್ತು. ಡಿ ಡ್ರೈವೂ ಪೆನ್‌ಡ್ರೈವೂ ಬಿಟ್ಟುಬಿಟ್ರೆ ಆ ಕಾಟ ಇರಲ್ಲ, ಸ್ಕ್ಯಾನೂ ಹಾರ್ಕೊಂಡ್ ಹೋಗುತ್ತೆ ಅಂದ ಡೀಲರು, ಅವತ್ತು ಬೆಳಿಗ್ಗೆ ಹಾಕೋವಾಗ್ಲೇ. ಆಯ್ತು ಅಂದೆ."

ಆಲ್ಬಂ ಪ್ಲಗಿನ್ ಎಂದರೆ ಪುಟ ವಿನ್ಯಾಸವನ್ನು ಸಲೀಸು ಮಾಡುವ ಒಂದು ಸಣ್ಣ ತಂತ್ರಾಂಶ. ಈ ದಂಧೆಯಲ್ಲಿ ಅದರ ಕಳ್ಳ ಪ್ರತಿ ಒಬ್ಬರಿಂದ ಒಬ್ಬರಿಗೆ ಮಜ್ಜಿಗೆಯ ಹೆಪ್ಪಿನಂತೆ ಹರಿದಾಡುತ್ತದೆ. ಅದನ್ನು ಉಳಿಸಿಕೊಳ್ಳಲು ಕಾವಲುಗಾರನ ಕಣ್ಣಿಗೇ ಪಟ್ಟಿ ಕಟ್ಟಿದ್ದರು. ಸ್ಪರ್ಧೆಯಲ್ಲಿ ಗೆದ್ದದ್ದೂ ಆ ಪಟ್ಟಿಯೇ. ವೈರಸ್ ಮೊದಲು ಆ ಪ್ಲಗಿನ್ ಜೊತೆ ಬಂತೋ, ಯಾರದೋ ಡಿಸ್ಕ್‌ನಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹಾಗೆಯೇ ಹೇಳಿದೆ.

ವೆಂಕಟೇಶ್ ತಕ್ಷಣ ಬಾಯಿ ಹಾಕಿ, "ಹಂಗಾದ್ರೆ ಮೊದ್ಲು ತಂದಿದ್ದು ಇವನೇ ಇರಬಹುದಲ್ಲ" ಎಂದರು.

"ಇರಬಹುದು. ನೀವೂ ಇರಬಹುದು" ಎಂದೆ.

ಕಟ್ಟಿದ ಪಟ್ಟಿ ಬಿಚ್ಚಿಸಿದೆ. ಅದೇ ಆಂಟಿವೈರಸ್ ಈಗ ಡಿ ಡ್ರೈವ್ ನೋಡಲು ಶುರು ಮಾಡಿತು, ಒಂದಾದ ಮೇಲೊಂದು ಕೆಂಪು ಎಚ್ಚರಿಕೆ. ಹಳೆಯದರಷ್ಟಲ್ಲದಿದ್ದರೂ ಅದೂ ನಿಧಾನವೇ ಎಂದು ಆಗ ಗೊತ್ತಾಯಿತು. ಅದು ಓಡುತ್ತಿರುವಾಗ ಪಾಷಾ ಅವರು ಮೊಬೈಲ್ ತೆಗೆದು ಗುಂಪಿಗೆ ಬರೆದರು: ವೈರಸ್ ಸಮಸ್ಯೆ ಬಗೆಹರಿದಿದೆ, ಮಂಜುನಾಥ್ ಡಿಸ್ಕ್ ಬಗ್ಗೆ ಯಾರಿಗೂ ಚಿಂತೆ ಬೇಡ.

ಮಂಜುನಾಥನ ಮೊಬೈಲ್‌ಗೂ ಅದು ಬಂತು. ಅವನು ಓದಿ, ತಲೆ ಎತ್ತಿ, "ವೈರಸ್ ಎಲ್ಲಿತ್ತು ಅಂತ ಬರ್ದಿಲ್ವಲ್ಲ ಸಾಹೇಬ್ರೆ" ಎಂದ.

ನಿಜ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಬರಹ. ಓದಿದವರಿಗೆ ಮಂಜುನಾಥನ ಡಿಸ್ಕ್ ರಿಪೇರಿಯಾಯಿತು ಎಂದೇ ಅನ್ನಿಸುವುದು.

"ಲ್ಯಾಬ್‌ನಲ್ಲಿತ್ತು ಅಂತ ಬರೆದ್ರೆ ನಾಳೆ ಇಲ್ಲಿಗ್ಯಾರು ಬರ್ತಾರೆ ಮಂಜು?" ಪಾಷಾ ಅವರು ಬೇಡಿಕೊಳ್ಳುವ ದನಿಯಲ್ಲೇ ಹೇಳಿದರು. "ಈ ಲ್ಯಾಬ್ ನಂಬ್ಕೊಂಡು ಎಂಟು ಜನ ಊಟ ಮಾಡ್ತಾ ಇದಾರೆ."

"ನಮ್ಮನೇಲಿ ಮೂರು ಜನ ಸಾಹೇಬ್ರೆ."

ಅವನು ದನಿ ಏರಿಸಲಿಲ್ಲ. ಪಾಷಾ ಅವರು ನನ್ನ ಕಡೆ ನೋಡಿದರು, ಏನಾದರೂ ದಾರಿ ಹೇಳಿ ಎನ್ನುವಂತೆ. ಅವರ ಮೇಲೆ ನನಗೆ ಗೌರವವಿತ್ತು, ಅವರ ಎಎಂಸಿಯೂ ನನಗೆ ಬೇಕಿತ್ತು. "ನೀವು ಕೇಳಿದ ಲೆಟರ್ ಕೊಡ್ತೀನಿ" ಎಂದೆ. "ಕಂಡದ್ದನ್ನ ಕಂಡ ಹಾಗೆ ಬರೀತೀನಿ. ಅದು ಮಂಜು ಕೈಗೂ ಒಂದು ಹೋಗುತ್ತೆ."

ಪಾಷಾ ಅವರು ಎದ್ದು ಹಿಂದಿನ ಕೋಣೆಗೆ ಹೋದರು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು. ಎಲ್ಲರ ಮುಂದೆಯೇ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ವಾಯ್ಸ್ ಮೆಸೇಜ್ ಹಾಕಿದರು.

"ಅನ್ವರ್ ಪಾಷಾ ಮಾತಾಡ್ತಿರೋದು. ವೈರಸ್ ಇದ್ದಿದ್ದು ನಮ್ಮ ಲ್ಯಾಬ್ ಕಂಪ್ಯೂಟರ್‌ನಲ್ಲಿ. ಮಂಜುನಾಥ್ ಡಿಸ್ಕ್ ಕೆಡಿಸಿದ್ದು ನಾವು, ಅವನಲ್ಲ. ಅವನ ಹೆಸರು ಹಾಕಿದ್ದು ನನ್ನ ತಪ್ಪು. ಇಲ್ಲಿಗೆ ಡಿಸ್ಕ್ ತಂದಿದ್ದೋರು ಎಲ್ರೂ ತಗೊಂಡ್ ಬನ್ನಿ, ನಾವೇ ಕ್ಲೀನ್ ಮಾಡಿ ಕೊಡ್ತೀವಿ."

ಊರಿನಲ್ಲಿ ತಂದೆಯ ಕಾಲದಿಂದ ಹೆಸರು ಮಾಡಿದವನಿಗೆ ಅದೆಷ್ಟು ಕಷ್ಟ ಎಂಬುದು ನನಗೆ ಅರ್ಥವಾಯಿತು. ನಾನು ಅವರನ್ನು ಅದಕ್ಕಿಂತ ಮೊದಲೂ ಆಮೇಲೂ ಅಷ್ಟು ಮೆಚ್ಚಿಕೊಂಡದ್ದಿಲ್ಲ.

ಆ ಮೆಸೇಜ್‌ನಿಂದ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಲ್ಯಾಬ್‌ನ ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಇನ್ನು ಕೆಲವರು ಪಾಷಾ ಅವರು ತಪ್ಪು ಒಪ್ಪಿಕೊಂಡರು ಎಂಬ ಕಾರಣಕ್ಕೇ ಉಳಿದರು. ಉಳಿದ ಲ್ಯಾಬ್‌ಗಳು ಮಂಜುನಾಥನನ್ನು ಮತ್ತೆ ಒಳಗೆ ಬಿಟ್ಟವು. ಆದರೆ ಮೊದಲ ಫೋಟೋವನ್ನು ಕಂಡಕಂಡವರಿಗೆ ಕಳಿಸಿದವರು ಈ ವಾಯ್ಸ್ ಮೆಸೇಜನ್ನು ಯಾರಿಗೂ ಕಳಿಸಲಿಲ್ಲ. ಕೈಬಿಟ್ಟು ಹೋದ ಆ ಮದುವೆಯವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಯಾವ ಆಂಟಿವೈರಸ್ ಬೇಗ ಸ್ಕ್ಯಾನ್ ಮಾಡುತ್ತದೆ, ಅದನ್ನೇ ಹಾಕಿ ಎಂದು ಇವತ್ತಿಗೂ ಜನ ನನ್ನನ್ನು ಕೇಳುತ್ತಾರೆ. ವೇಗ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ತೀರಾ ನಿಧಾನವಾದರೆ ನೀವೇ ಅದರ ಬಾಯಿ ಮುಚ್ಚಿಸುತ್ತೀರಿ, ಆಗ ಅದು ಇದ್ದೂ ಇಲ್ಲದ ಹಾಗೆ. ಆದರೆ ಯಾವುದಾದರೂ ತೀರಾ ಬೇಗ ಮುಗಿಸಿದರೆ ಏನೇನು ನೋಡಿತು ಎಂದು ಕೇಳಬೇಡಿ, ಏನೇನು ಬಿಟ್ಟಿತು ಎಂದು ಕೇಳಿ. ಬಿಡಲು ಹೇಳಿದವರು ಯಾರು ಎಂದೂ ಕೇಳಿ. ಬಹಳ ಸಲ ಆ ಮನುಷ್ಯ ಅಂಗಡಿಯ ಒಳಗೇ ಇರುತ್ತಾನೆ. ಇನ್ನೊಬ್ಬರ ಮೇಲೆ ಬೆರಳು ತೋರಿಸುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದನ್ನು ಆ ಕೇಸು ನನಗೆ ಕಲಿಸಿತು. ಅಷ್ಟು ಬೇಗ ತೀರ್ಮಾನಕ್ಕೆ ಬರಲು ನಾವು ಏನನ್ನು ನೋಡದೆ ಬಿಟ್ಟೆವು?

ಸ್ವಲ್ಪ ಕಾಲದ ಮೇಲೆ ಯುಪಿಎಸ್ ಬ್ಯಾಟರಿ ಬದಲಿಸಲು ಲ್ಯಾಬ್‌ಗೆ ಹೋಗಿದ್ದೆ. ಮಂಜುನಾಥ ಬಂದ. ಫರ್ಹಾನಾ ಡಿಸ್ಕ್‌ಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

"ಮೊದ್ಲು ನಿಮ್ಮ ಕಂಪ್ಯೂಟರ್‌ಗೆ ಸ್ಕ್ಯಾನ್ ಹಾಕಿ ತಾಯಿ. ಪೂರ್ತಿ."

ಪಾಷಾ ಅವರು ಒಳಗಿನಿಂದ ಬಂದರು. "ಇನ್ನೂ ನಂಬಿಕೆ ಬಂದಿಲ್ವೇನಪ್ಪ?"

"ನಂಬಿಕೆ ಐತೆ ಸಾಹೇಬ್ರೆ. ಮುಗೀಲಿ, ಕೊಡ್ತೀನಿ."

ಪಾಷಾ ಅವರು ಫರ್ಹಾನಾಗೆ ಸ್ಕ್ಯಾನ್ ಒತ್ತಲು ಹೇಳಿ, ಅವನಿಗೊಂದು ಕುರ್ಚಿ ಎಳೆದು ಹಾಕಿ, ತಾವೂ ಪಕ್ಕದಲ್ಲಿ ಕೂತರು. ನಾನು ಬ್ಯಾಟರಿ ಹಾಕಿ ಹೊರಡುವಾಗಲೂ ಇಬ್ಬರೂ ಹಾಗೇ ಪರದೆ ನೋಡುತ್ತ ಕೂತಿದ್ದರು, ಸ್ಕ್ಯಾನ್ ಇನ್ನೂ ಅರ್ಧವೂ ಆಗಿರಲಿಲ್ಲ.